ಏಳನೇ ಕುರ್ಚಿ

ಈ ಊರಲ್ಲಿ ಬೆಲೆ ಏರಿದರೆ ಕೆಂಪು, ಇಳಿದರೆ ಹಸಿರು.
ಹೊಸವರ್ಷಕ್ಕೆ ಮಕ್ಕಳಿಗೆ ಕೊಡುವ ದುಡ್ಡಿನ ಲಕೋಟೆಯ ಕೆಂಪು ಅದು,
ಗಾಯದ್ದಲ್ಲ.
ಬೆಳಿಗ್ಗೆ ಒಂಬತ್ತಕ್ಕೆ ಗೋಡೆಯ ಹಲಗೆ ಹೊತ್ತಿಕೊಂಡರೆ
ಮಧ್ಯಾಹ್ನ ಒಂದೂವರೆಯ ತನಕ
ಕಾವೊಶುಂಗ್ ಬಂದರಿನ ಹಿಂಬೀದಿಯ ನಮ್ಮ ದಲ್ಲಾಳಿ ಅಂಗಡಿಯಲ್ಲಿ
ಮೂವತ್ತೆರಡು ಕುರ್ಚಿ, ಹನ್ನೊಂದು ಮುದುಕರು,
ಒಂದು ಚಹಾದ ಹಂಡೆ.

ಏಳನೇ ಕುರ್ಚಿ ಚಿಯು ಬಾವ್‌ಜುದು.
ನಲವತ್ತು ವರ್ಷ ಮೀನು ಮಾರಿದ ಕೈ.
ನಾನು ಹೊಸಬ, ಪರೀಕ್ಷೆ ಪಾಸು ಮಾಡಿ ಬಂದವನು,
ಅವಳಿಗೇ ತಿಳಿಸಿ ಹೇಳಲು ಹೋದೆ:
ಅಜ್ಜೀ, ಇದು ನೋಡಿ, ಷೇರಿನ ಬೆಲೆ.

"ಬೆಲೆ ಅಲ್ಲ ಮರಿ, ಬಾಯಿ" ಅಂದಳು. "ಎರಡು ಬಾಯಿ.
ಈ ಕಡೆಯದು ಕೊಳ್ಳೋನದು, ನಲವತ್ತೊಂದು ಇಪ್ಪತ್ತಕ್ಕೆ ಕೊಡು ಅನ್ನುತ್ತೆ.
ಆ ಕಡೆಯದು ಮಾರೋನದು, ನಲವತ್ತೊಂದು ಮೂವತ್ತೈದು, ಬಿಲ್‌ಕುಲ್ ಕಡಿಮೆಯಿಲ್ಲ.
ನಡುವೆ ಹದಿನೈದು ಸೆಂಟು ಇದೆಯಲ್ಲ,
ಅದು ಒಬ್ಬರನ್ನೊಬ್ಬರು ನಂಬದಿರೋದರ ಅಗಲ.
ಜನ ಗಿಜಿಗುಟ್ಟೋ ಕಡೆ ಆ ಓಣಿ ಕಿರಿದು;
ಯಾರೂ ಸುಳಿಯದ ಷೇರಿಗೆ ಅದೇ ಹೆದ್ದಾರಿ,
ದಾಟೋಷ್ಟರಲ್ಲಿ ಜೇಬು ಖಾಲಿ."

ಮತ್ತೆ ಆ ದೊಡ್ಡ ಅಂಕಿ?

"ಅದು ಮುಗಿದ ಮಾತು.
ಯಾರೋ ಕೊಟ್ಟರು, ಯಾರೋ ಕೊಂಡರು, ಎದ್ದು ಹೋದರು.
ಆ ಮೀನು ಆಗಲೇ ಯಾರದೋ ಬಾಣಲೆಯಲ್ಲಿ ಚುರುಗುಟ್ಟುತ್ತಿದೆ.
ನಿನಗೂ ಅಷ್ಟಕ್ಕೇ ಸಿಗುತ್ತೆ ಅಂತ ಯಾರು ಹೇಳಿದ್ದು?
ನಮ್ಮ ಮಾರ್ಕೆಟ್ಟಿನಲ್ಲಿ ಆ-ಹೊಕ್ ಅಂತ ಒಬ್ಬನಿದ್ದ,
ಒಂದೇ ಬುಟ್ಟಿ ಮಾರಿ 'ಇವತ್ತಿನ ದರ ಇದೇ' ಅಂತ ಕೂಗೋನು.
ಎಷ್ಟಕ್ಕೆ ಅಂತ ಆಮೇಲೆ ಕೇಳು,
ಎಷ್ಟು ಬುಟ್ಟಿ ಅಂತ ಮೊದಲು ಕೇಳು."

ವರ್ಷದ ಗರಿಷ್ಠ, ಕನಿಷ್ಠ?
"ಕಟ್ಟೆಯ ಕಂಬದ ಮೇಲಿನ ಪಾಚಿ.
ನೀರು ಎಲ್ಲೀವರೆಗೆ ಬಂದಿತ್ತು ಅನ್ನುತ್ತೆ,
ನಾಳೆ ಎಲ್ಲಿಗೆ ಅನ್ನಲ್ಲ."

ಲಾಭದ ಹನ್ನೆರಡು ಪಟ್ಟು ಬೆಲೆ ಎಂದು ನಾನು ಇನ್ನೊಂದು ಅಂಕಣ ತೋರಿಸಿದೆ.
ಬೆರಳು ಮಡಚಿದಳು. "ಅಂದ್ರೆ ಅಸಲು ಹುಟ್ಟೋಕೆ ಹನ್ನೆರಡು ವರ್ಷ.
ನನಗೀಗ ಎಪ್ಪತ್ತೊಂಬತ್ತು."
ಒಬ್ಬಳೇ ನಕ್ಕಳು, ಬಹಳ ಹೊತ್ತು.

ಅವಳು ನಿಜಕ್ಕೂ ನೋಡುತ್ತಿದ್ದದ್ದು
ಕೆಳಗಿನಿಂದ ಮೂರನೇ ಸಾಲು:
ಗಂಡ ತ್ಸಾಯ್‌ಫಾ ದುಡಿದ ಹಗ್ಗದ ಕಾರ್ಖಾನೆ.
ಬೋನಸ್ಸಿನ ಬದಲು ಕೊಟ್ಟಿದ್ದ ಷೇರು,
ಸಾವಿರದ ಮೂರು ಕಟ್ಟು.
ಮಾರಿರಲಿಲ್ಲ. ಕೊಳ್ಳಿ ಅಂತ ಯಾರಿಗೂ ಹೇಳಿರಲೂ ಇಲ್ಲ.

ಮಾರ್ಚಿನ ಒಂದು ಮಂಗಳವಾರ
ಆ ಸಾಲಿನಲ್ಲಿ ಅಂಕಿಯಿಲ್ಲ, ಬರೀ ಒಂದು ಅಡ್ಡಗೆರೆ.
ಕೊಳ್ಳುವ ಬಾಯಿ ಹದಿನೇಳು ತೊಂಬತ್ತು, ಮಾರುವ ಬಾಯಿ ಹದಿನೆಂಟು ಅರವತ್ತು,
ನಡುವೆ ಯಾರೂ ಕಾಲಿಡಲಿಲ್ಲ.
ಹತ್ತು ಗಂಟೆ. ಹನ್ನೊಂದು. ಹಂಡೆಯ ಚಹಾ ಕಹಿಯಾಯಿತು.
ಯಾರದೋ ಕಂಪನಿ ಹಬ್ಬದ ಹಾಗೆ ಕೆಂಪಾಗಿ
ಮುದುಕರೆಲ್ಲ ಕುರ್ಚಿ ಬಿಟ್ಟೆದ್ದರು;
ಇವಳು ಮಾತ್ರ ಗೆರೆಯನ್ನೇ ನೋಡುತ್ತ ಕೂತಿದ್ದಳು.
"ಇವತ್ತು ಅವನ ಮಾತು ಯಾರೂ ಎತ್ತಲಿಲ್ಲ" ಅಂದಳು,
ನನಗಲ್ಲ.

ಒಂದು ಇಪ್ಪತ್ತಕ್ಕೆ ಕಿಟಕಿಗೆ ಬಂದಳು.
ಒಂದು ಕಟ್ಟು ಮಾರು.
ಅಜ್ಜೀ, ಈಗ ಮಾರಿದರೆ ನಷ್ಟ, ನಾಳೆ ಯಾರಾದರೂ—
ಅವನ ಬಾಯಿ ಎಷ್ಟು ಅನ್ನುತ್ತೋ ಅಷ್ಟಕ್ಕೆ.
ಮಾರಿದೆ.

ಗೆರೆ ಅಳಿಸಿತು. ಹದಿನೇಳು ತೊಂಬತ್ತು. ಹಸಿರು.
ಅವಳು ತಲೆಯಾಡಿಸಿ, ಉಳಿದ ಚಹಾವನ್ನು ಫ್ಲಾಸ್ಕಿಗೆ ಬಗ್ಗಿಸಿಕೊಳ್ಳತೊಡಗಿದಳು.

ಐದೇ ನಿಮಿಷ. ಫೋನು.
ತೈಪೆಯಿಂದ ಒಬ್ಬ ಗಿರಾಕಿ, ಅವಸರದ ದನಿ:
ಹಗ್ಗ ಯಾಕೆ ಇಳಿಯಿತು? ಒಳಗೆ ಏನು ನಡೀತಿದೆ? ಸುದ್ದಿ ಏನು?

ಏಳನೇ ಕುರ್ಚಿಯ ಕಡೆ ನೋಡಿದೆ.
ಮೊದಲು ಎಷ್ಟು ಬುಟ್ಟಿ ಅಂತ ಕೇಳಿ ಸಾರ್, ಅಂದೆ.
ಅವನಿಗೆ ಅರ್ಥವಾಗಲಿಲ್ಲ.
ಇಟ್ಟುಬಿಟ್ಟ.